ಹಿಮದ ಹಾದಿಯ ಹದಿಹರೆಯ

ಹಿಮವೆಂದೊಡನೆ ನಮ್ಮ ಮನಸ್ಸು ಹಿಮಾಲಯಕ್ಕೆ, ಅಲ್ಲಿನ ತಪಸ್ವಿಗಳ ಕಡೆಗೆ ಹರಿಯುತ್ತದೆ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಪ್ರೌಢಶಾಲೆಯ ಮಕ್ಕಳಿಗಾದರೋ ಅದು ಆಟದ ಅಂಗಳ. ಶಾಲೆ ಬಿಟ್ಟೊಡನೆ, ಬೇಗನೆ ಕವಿಯುವ ಚಳಿಗಾಲದ ಕತ್ತಲಿಗೆ ಮುನ್ನ, ಉದ್ದನೆಯ ಸ್ಕೀಗಳನ್ನು ಕಾಲಿಗೆ ತೊಟ್ಟು, ಎರಡು ಕೈಗಳಲ್ಲೂ ಕೋಲೂರುತ್ತ, ಏರು ಇಳಿಜಾರುಗಳಲ್ಲಿ ಮೈಲಿಗಟ್ಟಲೆ ಸಾಗಬೇಕು. ಬೇಸಗೆಯಲ್ಲೂ ಬಿಡುವಿಲ್ಲ, ಗಾಲಿಯ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲಿ ಅಭ್ಯಾಸ.

ಸ್ಕೀಯ ಅಡಿಗೆ ಬಳಿಯುವ ಮೇಣದಲ್ಲಿ ಒಂದು ಸ್ವಾರಸ್ಯವುಂಟು. ಸಾಂಪ್ರದಾಯಿಕ ಶೈಲಿಯ ಓಟದಲ್ಲಿ ತುದಿಗಳಿಗೆ ಜಾರುವ ಮೇಣ, ಪಾದದ ಕೆಳಗೆ ಹಿಮವನ್ನು ಕಚ್ಚಿ ಹಿಡಿಯುವ ಮೇಣ. ಜಾರದಿದ್ದರೆ ವೇಗವಿಲ್ಲ; ಹಿಡಿಯದಿದ್ದರೆ ದಿನ್ನೆ ಹತ್ತಲಾಗದು. ಅಂದಿನ ಹಿಮದ ಶೈತ್ಯವನ್ನು ನೋಡಿ ಮೇಣವನ್ನು ಆರಿಸಬೇಕು.

ಆದರೆ ಎಳೆಯ ಮೈಯ ಹದವನ್ನು ನೋಡುವವರಾರು? ಸ್ಟಿಲ್‌ವಾಟರ್ ಪ್ರೌಢಶಾಲೆಯ ತಂಡದಲ್ಲಿ ಬೆಳೆದ ಜೆಸ್ಸಿ ಡಿಗಿನ್ಸ್ ರಾಜ್ಯಮಟ್ಟದ ಪ್ರಶಸ್ತಿಗಳನ್ನು ಗೆದ್ದ ಹುಡುಗಿ. ಮೈ ತೆಳುವಾದಷ್ಟೂ ವೇಗ ಹೆಚ್ಚೀತೆಂಬ ಭ್ರಮೆ ಆಕೆಯನ್ನೂ ಬಿಡಲಿಲ್ಲ. ಉಂಡದ್ದನ್ನು ತಾನೇ ಕಕ್ಕಿಬಿಡುವ ಬುಲಿಮಿಯಾ ಎಂಬ ವ್ಯಾಧಿ ಹದಿನೆಂಟರಲ್ಲಿ ಆಕೆಯನ್ನು ಹಿಡಿದಿತ್ತು. ನಗುಮುಖದ, ಗೆಲ್ಲುವ ಮಕ್ಕಳನ್ನು ಯಾರು ತಾನೆ ಅನುಮಾನಿಸುತ್ತಾರೆ? 2010ರಲ್ಲಿ ಆಕೆ ಚಿಕಿತ್ಸೆಗೆ ಸೇರಿದಳು. ನನಗೆ ಅದು ಯಾವ ಪಂದ್ಯಕ್ಕಿಂತಲೂ ದೊಡ್ಡ ಸಾಹಸವೆನಿಸುತ್ತದೆ.

2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಆಕೆ ಕಿಕ್ಕನ್ ರ್‍ಯಾಂಡಲ್ ಎಂಬ ಹಿರಿಯ ಸಂಗಾತಿಯೊಡನೆ ಓಡಿ ಗೆದ್ದದ್ದು, ಈ ಕ್ರೀಡೆಯಲ್ಲಿ ಅಮೆರಿಕಕ್ಕೆ ದೊರೆತ ಮೊದಲ ಒಲಿಂಪಿಕ್ ಚಿನ್ನ. ಎರಡು ವರ್ಷಗಳ ಬಳಿಕ ಹೊರಬಂದ ತನ್ನ ಆತ್ಮಕಥನದಲ್ಲಿ, ಆ ಚಿನ್ನದ ಕಥೆಯ ಜೊತೆಯಲ್ಲೇ, ಹದಿಹರೆಯದ ಆ ವ್ಯಾಧಿಯನ್ನೂ ಮುಚ್ಚುಮರೆಯಿಲ್ಲದೆ ಬರೆದಳು.