ಬೇಡುವುದು ಬೇರೆ, ಬರಬೇಕಾದ್ದನ್ನು ಕೇಳುವುದು ಬೇರೆ

(ಕುಂಚಾವರಂನಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)



ಪೇಟೆಯ ಕೆಲವರು ಒಂದು ಮಾತು ಕಲಿತಿದ್ದಾರೆ. "ರೈತರಿಗೆ ಪುಕ್ಕಟೆ ರೂಢಿಯಾಗಿದೆ. ಸಾಲ ಮನ್ನಾ ಬೇಕು, ಬೆಂಬಲ ಬೆಲೆ ಬೇಕು. ದುಡಿದು ತಿನ್ನಲಿ" ಅಂತಾರೆ. ಸಿಟ್ಟಾಗಬೇಡಿ. ದುಡಿದವನೇ ತಿನ್ನಬೇಕು ಎಂಬುದು ನಮ್ಮದೇ ಮಾತು. ಅದನ್ನೇ ಹಿಡಿದು ಲೆಕ್ಕ ಮಾಡೋಣ.

2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಮಳೆ ಬಂತು, ರೈತರು ಹಠ ಹಿಡಿದು ಬಿತ್ತಿದರು. 2016-17ರಲ್ಲಿ ದೇಶದಲ್ಲಿ ಸುಮಾರು 48 ಲಕ್ಷ ಟನ್ ತೊಗರಿ ಬೆಳೆಯಿತು. ಹಿಂದಿನ ವರ್ಷದ ಹೆಚ್ಚುಕಡಿಮೆ ಎರಡು ಪಟ್ಟು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಪೇಟೆಯ ದರ ಅದಕ್ಕಿಂತ ಕೆಳಗೆ ಬಿತ್ತು. ದುಡಿಮೆ ಹೆಚ್ಚಾದ ವರ್ಷವೇ ಪ್ರತಿಫಲ ಕುಸಿಯಿತು. ಇದರಲ್ಲಿ ಸೋಮಾರಿ ಯಾರು, ಹೇಳಿ?

ನಮ್ಮ ಸೇಡಂ, ವಾಡಿ ಕಡೆ ನೋಡಿ. ನೆಲದ ಕೆಳಗಿನ ಸುಣ್ಣದ ಕಲ್ಲು ಸಿಮೆಂಟ್ ಆಗುತ್ತದೆ, ನೆಲದ ಮೇಲೆ ತೊಗರಿ ಬೆಳೆಯುತ್ತದೆ. ಸಿಮೆಂಟ್ ಚೀಲದ ಮೇಲೆ ದರ ಅಚ್ಚಾಗಿಯೇ ಬರುತ್ತದೆ. ಕಲ್ಲಿದ್ದಲು, ಕರೆಂಟು, ಪಗಾರ, ಬಡ್ಡಿ, ಯಂತ್ರದ ಸವಕಳಿ, ಮಾಲೀಕನ ಲಾಭ ಎಲ್ಲಾ ಲೆಕ್ಕ ಹಾಕಿಯೇ ಆ ದರ. ಅದನ್ನು ಪುಕ್ಕಟೆ ಅಂತ ಯಾರೂ ಅನ್ನುವುದಿಲ್ಲ. ನಾವು ತೊಗರಿ ಚೀಲ ಹೇರಿಕೊಂಡು ಅಡತಿಗೆ ಹೋಗಿ "ಇವತ್ತು ಏನು ರೇಟ್ ಅದ?" ಅಂತ ಕೇಳುತ್ತೇವೆ. ಮಾಲು ನಮ್ಮದು, ದರ ಅವರದು.

ಹಾಗಾದರೆ ಬೆಂಬಲ ಬೆಲೆ ಏನು? 2025-26ಕ್ಕೆ ತೊಗರಿಗೆ 8,000 ರೂಪಾಯಿ. 2018ರಿಂದ ಸರ್ಕಾರ ವೆಚ್ಚದ ಒಂದೂವರೆ ಪಟ್ಟು ಕೊಡುತ್ತೇವೆ ಅನ್ನುತ್ತಿದೆ. ಆ ವೆಚ್ಚದಲ್ಲಿ ಬೀಜ, ಗೊಬ್ಬರ, ಕೂಲಿ ಇವೆ. ಮನೆಯವರ ದುಡಿಮೆಯೂ ಇದೆ. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಇಲ್ಲ. ಅವನ್ನೂ ಸೇರಿಸಿದ ವೆಚ್ಚಕ್ಕೆ ಸಿ2 ಅನ್ನುತ್ತಾರೆ. ಅದರ ಮೇಲೆ ಅರ್ಧ ಕೂಡಿಸಿ ಕೊಡಿ ಎಂಬುದು ರೈತರ ಬೇಡಿಕೆ. ಕಾರ್ಖಾನೆಗೆ ನ್ಯಾಯವಾದ ಲೆಕ್ಕ ಹೊಲಕ್ಕೆ ಬಂದಾಗ ಭಿಕ್ಷೆ ಹೇಗಾಗುತ್ತದೆ?

ಇನ್ನು ಸಾಲ ಮನ್ನಾ. 1990ರಲ್ಲಿ ಆಯಿತು, 2008ರಲ್ಲಿ ಆಯಿತು, ನಮ್ಮ ರಾಜ್ಯದಲ್ಲಿ 2018ರಲ್ಲಿ ಮತ್ತೆ ಆಯಿತು. ರೋಗ ಹೋಯಿತೇ? ಎತ್ತು ಮಾರಿ ಸಮಯಕ್ಕೆ ಸಾಲ ಕಟ್ಟಿದವನು ತಾನೇ ಹುಚ್ಚ ಅಂದುಕೊಂಡ. ಸಾವುಕಾರನ ಸಾಲ ಹಾಗೇ ಉಳಿಯಿತು. ಕೊಡದೆ ಉಳಿಸಿಕೊಂಡ ಬೆಲೆಯಲ್ಲಿ ಒಂದು ಚೂರನ್ನು ತಡವಾಗಿ ಕೊಟ್ಟು ದಯೆ ಅನ್ನುತ್ತಾರೆ. ಮುಳುಗುವವನಿಗೆ ಅದು ಬೇಡ ಅನ್ನಲಾರೆ. ಆದರೆ ಬೆಲೆ ಸಿಕ್ಕರೆ ಮನ್ನಾ ಕೇಳುವ ಪ್ರಸಂಗವೇ ಕಡಿಮೆಯಾಗುತ್ತದೆ.

ಇಷ್ಟು ಹೇಳಿ ನಾವು ಚಪ್ಪಾಳೆ ತಟ್ಟಿಕೊಂಡು ಮನೆಗೆ ಹೋಗುವ ಹಾಗಿಲ್ಲ. ದುಡಿದವನಿಗೇ ಫಲ ಅನ್ನುವ ಮಾತು ನಮ್ಮ ಬಾಗಿಲಿಗೂ ಬರುತ್ತದೆ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಬರುವುದು ಭೂಮಿ ಯಾರ ಹೆಸರಲ್ಲಿದೆಯೋ ಅವರಿಗೆ. ಮಾಲೀಕ ಹೈದರಾಬಾದಿನಲ್ಲಿ ಕೂತಿದ್ದರೂ ಅವನ ಖಾತೆಗೆ. ಲಾವಣಿಗೆ ಹಿಡಿದು ಉತ್ತವನಿಗೆ ಇಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಕೇಳುವುದು ಪಹಣಿಯನ್ನೇ. ನಮ್ಮ ತಾಂಡಾಗಳಲ್ಲಿ ಹೀಗೆ ಬೇರೆಯವರ ಹೊಲ ಮಾಡುವವರು ಎಷ್ಟು ಜನ ಇದ್ದಾರೆ! ಬೆವರು ಸುರಿಸದೆ ಹಣ ಎಣಿಸುವವನು ಇಲ್ಲಿ ಯಾರು? ಸದಿ ತೆಗೆಯುವ ಹೆಣ್ಣುಮಗಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವ ಕೈ ಯಾರದು? ದಿಲ್ಲಿಯನ್ನು ನ್ಯಾಯ ಕೇಳುವವರು ಬದುವಿನ ಮೇಲೆ ಅನ್ಯಾಯ ಮಾಡಬಾರದು.

ಆದ್ದರಿಂದ ಮೂರು ಕೆಲಸ. ಒಂದು, ಬಿತ್ತನೆಯಿಂದ ರಾಶಿಯ ತನಕ ಖರ್ಚು ಬರೆದಿಡಿ. ಹೆಂಡತಿ ಮಕ್ಕಳ ದುಡಿಮೆಯನ್ನು ದಿನ ಎಣಿಸಿ ಬರೆಯಿರಿ. ಸರ್ಕಾರದ ಕಾಗದದಲ್ಲಿ ಅದಕ್ಕೆ ಒಂದು ಕಾಲಂ ಇದೆ, ನಮ್ಮ ಮನೆಯ ಲೆಕ್ಕದಲ್ಲಿ ಇಲ್ಲ! ಎರಡು, ಲಾವಣಿ ರೈತನನ್ನು ಸಂಘದ ಸದಸ್ಯನನ್ನಾಗಿ ಮಾಡಿ. ಅವನ ಬೇಡಿಕೆಯನ್ನೂ ಮನವಿಯಲ್ಲಿ ಸೇರಿಸಿ. ಮೂರು, ಮುಂದೆ ತಹಶೀಲ್ದಾರರ ಕಚೇರಿಗೆ ಹೋಗುವಾಗ ಕೈ ಮುಗಿದುಕೊಂಡು ಹೋಗಬೇಡಿ, ಆ ಲೆಕ್ಕದ ಪುಸ್ತಕ ಹಿಡಿದುಕೊಂಡು ಹೋಗಿ. ಲೆಕ್ಕ ಇದ್ದವನು ಬೇಡುವುದಿಲ್ಲ, ಬಾಕಿ ಕೇಳುತ್ತಾನೆ.