ಒಣ ಮಂಜುಗಡ್ಡೆ: ಕಾಣದ ಅನಿಲದ ಬಗ್ಗೆ ಎಚ್ಚರ

(ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಅನುಭವದಿಂದ ಮಾತು ಆರಂಭಿಸುತ್ತೇನೆ. ಹಳದಿ ಎಲೆ ರೋಗ ತಗಲಿದ ಅಡಿಕೆ ಮರಗಳ ಎಲೆಗಳನ್ನು ಪರೀಕ್ಷೆಗಾಗಿ ಸಂಪಾಜೆಯಿಂದ ಪುತ್ತೂರಿಗೆ ತರುತ್ತಿದ್ದೆ. ಎಲೆಗಳು ಕೆಡದಿರಲೆಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್, ಅಂದರೆ ಒಣ ಮಂಜುಗಡ್ಡೆ ತುಂಬಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟಿದ್ದೆ. ಜೋರು ಮಳೆ, ಗಾಜುಗಳೆಲ್ಲ ಮುಚ್ಚಿದ್ದವು. ಸುಳ್ಯ ದಾಟಿ ಜಾಲ್ಸೂರು ಸಮೀಪಿಸುವಾಗ ತಲೆ ಭಾರವಾಯಿತು, ಏದುಸಿರು ಬಂತು. ಜೊತೆಗಿದ್ದವರು ಗಾಜು ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿ ಸುಧಾರಿಸಿಕೊಂಡೆ. ಓದಿದವನೇ ಪಾಠ ಮರೆತಿದ್ದೆ. ಆ ಪಾಠವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಒಣ ಮಂಜುಗಡ್ಡೆ ನೀರಿನದಲ್ಲ. ಅದು ಘನರೂಪದ ಇಂಗಾಲದ ಡೈಆಕ್ಸೈಡ್. ನಾವು ಉಸಿರಿನೊಂದಿಗೆ ಹೊರಬಿಡುವ ಅನಿಲವೇ ಇದು. ವಾತಾವರಣದ ಸಾಮಾನ್ಯ ಒತ್ತಡದಲ್ಲಿ ಇದರ ಉಷ್ಣತೆ ಶೂನ್ಯಕ್ಕಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ದೇವರ ಕೋಣೆಯ ಕರ್ಪೂರವು ಹಚ್ಚದೆ ಇಟ್ಟರೂ ಸವೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಹಾಗೆಯೇ ಇದೂ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಇದೇ ಉತ್ಪತನ. ಈ ವಸ್ತು ದ್ರವವಾಗಿ ಇರಬೇಕಾದರೆ ವಾತಾವರಣದ ಒತ್ತಡದ ಐದು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೇಕು.

ಒಂದು ಕಿಲೋ ನೀರಿನ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಉಷ್ಣ ಬೇಕು. ಒಂದು ಕಿಲೋ ಒಣ ಮಂಜುಗಡ್ಡೆ ಅನಿಲವಾಗಲು ಸುಮಾರು 570 ಕಿಲೋಜೂಲ್ ಬೇಕು. ಅಷ್ಟು ಉಷ್ಣವನ್ನು ಅದು ಸುತ್ತಲಿನ ವಸ್ತುಗಳಿಂದ ಹೀರಿಕೊಳ್ಳುತ್ತದೆ. ನಮಗೆ ದೊರೆಯುವ ತಂಪು ಅದೇ. ನೀರು ಉಳಿಯದ ಕಾರಣ ಪೆಟ್ಟಿಗೆ ಒದ್ದೆಯಾಗುವುದಿಲ್ಲ.

ಆದರೆ ಗಡ್ಡೆ ಮಾಯವಾಯಿತೆಂದು ತಿಳಿಯಬಾರದು. ಒಂದು ಕಿಲೋ ಗಡ್ಡೆಯಿಂದ ಸುಮಾರು 550 ಲೀಟರ್ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಹೊರಗೆ ಕಾಣುವ ಬಿಳಿ ಹೊಗೆ ಈ ಅನಿಲವಲ್ಲ. ಅದು ತಂಪಿಗೆ ಹನಿಗಟ್ಟಿದ ಗಾಳಿಯ ನೀರಾವಿ, ಸುಬ್ರಹ್ಮಣ್ಯದ ಬೆಟ್ಟಗಳಿಗೆ ಮಳೆಗಾಲದಲ್ಲಿ ಕವಿಯುವ ಮಂಜಿನಂತೆ. ಆ ಮಂಜು ಚದುರಿದ ಮೇಲೂ ಅನಿಲ ಅಲ್ಲೇ ಉಳಿದಿರಬಹುದು.

ನನ್ನ ಕಾರಿನ ಲೆಕ್ಕ ನೋಡೋಣ. ಒಳಗಿನ ಗಾಳಿ ಸುಮಾರು 3000 ಲೀಟರ್ ಎಂದಿಟ್ಟುಕೊಳ್ಳಿ. ಕೇವಲ 200 ಗ್ರಾಂ ಗಡ್ಡೆ ಅನಿಲವಾದರೂ 110 ಲೀಟರ್. ಅಂದರೆ ಶೇಕಡಾ 3.5ಕ್ಕಿಂತ ಹೆಚ್ಚು. ಹೊರಗಿನ ಗಾಳಿಯಲ್ಲಿ ಇದರ ಪಾಲು ಶೇಕಡಾ 0.04ರ ಆಸುಪಾಸು. ಶೇಕಡಾ 3ರಲ್ಲಿ ತಲೆನೋವು, ಏದುಸಿರು. ಶೇಕಡಾ 10 ತಲುಪಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವವರು ಮೊಂಬತ್ತಿ ಹಚ್ಚಿ ಒಳಗೆ ಹೋಗುತ್ತಿದ್ದರು. ಬತ್ತಿ ನಂದಿದರೆ ಹಿಂದಿರುಗುತ್ತಿದ್ದರು. ಈ ತಿಳಿವಳಿಕೆ ಬಹಳ ದೊಡ್ಡದು. ಆದರೆ ದೀಪ ಮುಖ್ಯವಾಗಿ ತೋರಿಸುವುದು ಆಮ್ಲಜನಕದ ಕೊರತೆಯನ್ನು. ಶೇಕಡಾ 10ರಷ್ಟು ಇಂಗಾಲದ ಡೈಆಕ್ಸೈಡ್ ಸೇರಿದರೂ ಆಮ್ಲಜನಕ ಶೇಕಡಾ 21ರಿಂದ ಸುಮಾರು 19ಕ್ಕಷ್ಟೇ ಇಳಿಯುತ್ತದೆ. ದೀಪ ಉರಿಯುತ್ತಿರುವಾಗಲೇ ಮನುಷ್ಯ ಕುಸಿಯಬಹುದು. ಆದುದರಿಂದ ಒಣ ಮಂಜುಗಡ್ಡೆ ಇಟ್ಟ ಕೋಣೆಗೆ ದೀಪದ ಪರೀಕ್ಷೆ ಸಾಲದು. ಕಿಟಕಿ ಬಾಗಿಲು ತೆರೆದಿರಬೇಕು.

ರಂಬುಟಾನ್, ಮ್ಯಾಂಗೋಸ್ಟಿನ್ ಬೆಳೆಯುವವರು ಬೆಂಗಳೂರಿಗೆ ಕಳುಹಿಸುವ ಹಣ್ಣಿನ ಪೆಟ್ಟಿಗೆಗೆ ಇದನ್ನು ಹಾಕಬಹುದೇ ಎಂದು ಕೇಳುತ್ತಾರೆ. ಬೇಡ. ಆ ಹಣ್ಣುಗಳಿಗೆ 12ರಿಂದ 13 ಡಿಗ್ರಿ ತಂಪು ಸಾಕು. ಅತಿಯಾದರೆ ರಂಬುಟಾನಿನ ಸಿಪ್ಪೆ ಕಂದುತ್ತದೆ, ಮ್ಯಾಂಗೋಸ್ಟಿನ್ ಸಿಪ್ಪೆ ಗಟ್ಟಿಯಾಗುತ್ತದೆ. ದನಗಳ ಕಾಲುಬಾಯಿ ಜ್ವರದ ಲಸಿಕೆಯೂ ಹೆಪ್ಪುಗಟ್ಟಿದರೆ ನಿರುಪಯುಕ್ತ. ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು.

ಈಗ ಮದುವೆ ಹಾಲ್‌ಗಳಲ್ಲಿಯೂ ವಧೂವರರ ಕಾಲಬಳಿ ಇದರ ಮಂಜು ಹರಿಸುತ್ತಾರೆ. ದೊಡ್ಡವರ ಮೊಣಕಾಲಿನ ಎತ್ತರದಲ್ಲಿ ಪುಟ್ಟ ಮಕ್ಕಳ ಮುಖವಿರುತ್ತದೆ ಎಂಬುದು ನೆನಪಿರಲಿ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ಬಳಿಕ ಬಾಯಿಗೆ ಹಾಕಿಕೊಳ್ಳುವ ಪದಾರ್ಥವೆಂದು ಇದನ್ನೇ ತಿಂದ ಐವರು ರಕ್ತ ವಾಂತಿ ಮಾಡಿಕೊಂಡರು.

ವಿದ್ಯಾರ್ಥಿಗಳೇ, ಇದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆಂಕಿ ತಾಗಿದಂತೆ ಚರ್ಮ ಬೇಯುತ್ತದೆ. ಬಾಟಲಿಗೆ ಹಾಕಿ ಮುಚ್ಚಬೇಡಿ. ಅನಿಲಕ್ಕೆ ದಾರಿ ಸಿಗದೆ ಬಾಟಲಿ ಸಿಡಿಯುತ್ತದೆ. ಉಳಿದದ್ದನ್ನು ಬಾವಿಗೋ ತಗ್ಗಿಗೋ ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಬಯಲಿನಲ್ಲಿ ಇಡಿ.

ವಸ್ತುವೊಂದು ಕಣ್ಣಿಗೆ ಕಾಣದಾದಾಗ ಅದು ಎಲ್ಲಿಗೆ ಹೋಯಿತೆಂದು ಕೇಳುವ ಅಭ್ಯಾಸ ನಮಗಿರಲಿ. ಆ ದಿನ ಕಾರಿನಲ್ಲಿ ನಾನು ಕೇಳದೇ ಹೋದ ಪ್ರಶ್ನೆ ಅದು.