ಮಣ್ಣಿಲ್ಲದ ಬೇಸಾಯ

ಮಣ್ಣಿಲ್ಲದೆ ಸ್ಟ್ರಾಬೆರಿ ಬೆಳೆಯುವುದು ಕಣ್ಕಟ್ಟಲ್ಲ. 1940ರ ದಶಕದಲ್ಲೇ ಬಂಗಾಳದ ಕಾಲಿಂಪಾಂಗ್‌ನಲ್ಲಿ ಷೋಲ್ಟೊ ಡಗ್ಲಾಸರು ಮಣ್ಣಿಲ್ಲದ ಬೇಸಾಯ ನಡೆಸಿದ್ದರು. ಗಿಡಕ್ಕೆ ಬೇಕಾದುದು ಬೆಳಕು, ನೀರು, ಗಾಳಿ, ಪೋಷಕ ಲವಣ ಮತ್ತು ಬೇರಿಗೊಂದು ಆಸರೆ. ನಮ್ಮ ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ನಾರಿನ ಪುಡಿಯನ್ನು ಚೆನ್ನಾಗಿ ತೊಳೆದರೆ ಅದೇ ಆಸರೆಯಾದೀತು.

ದೆಹಲಿಯಲ್ಲಿ ಅಕ್ಟೋಬರಿನಲ್ಲಿ ಸಸಿ ನೆಟ್ಟರೆ ಮಾರ್ಚಿನವರೆಗೆ ಹಣ್ಣು. ಆಮೇಲೆ ಬಿಸಿಲು ಬಿಡದು. ಇಲ್ಲಿ ಅನೇಕ ಕಡೆ ಕೊಳವೆಬಾವಿಯ ನೀರು ಉಪ್ಪು. ಸ್ಟ್ರಾಬೆರಿಯೋ ಉಪ್ಪನ್ನು ಸಹಿಸದು. ನೀರಿನ ಶುದ್ಧಿಗೆ ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ತು. ಬರಿಯ ಕೊಳವೆಯ ನೀರಿನಲ್ಲಿ ಬೇರಿಳಿಸಿದ್ದರೆ, ಪಂಪು ಕೆಲವು ಗಂಟೆ ನಿಂತರೂ ಗಿಡ ಬಾಡುತ್ತದೆ; ನಾರಿನ ಪುಡಿ ತೇವವನ್ನು ಹಿಡಿದಿಡುತ್ತದೆ.

ಆದಕಾರಣ ಕರಪತ್ರವನ್ನು ನಂಬಿ ಭವಿಷ್ಯನಿಧಿಯ ಹಣ ಸುರಿಯುವ ಮುನ್ನ, ಮಾಳಿಗೆಯ ಮೇಲೆ ಹತ್ತು ಕುಂಡಗಳನ್ನಿಟ್ಟು ಒಂದು ಚಳಿಗಾಲ ಖರ್ಚುವೆಚ್ಚ ಬರೆಯೋಣ. ಲೆಕ್ಕ ಬರೆಯುವುದು ನಮಗೆ ಬಂದ ವಿದ್ಯೆಯೇ ಅಲ್ಲವೇ?